ಇನ್‌ಕ್ಯುಬೇಟರ್‌ನಲ್ಲಿ ರಿಮೋಟ್ ಇಂಟರ್ನ್‌ಶಿಪ್: ಒಪ್ಪಿಕೊಳ್ಳುವ ಮುನ್ನ ಕೇಳಬೇಕಾದ್ದರಿಂದ ಕೊನೆಯ ದಿನದ ಹಸ್ತಾಂತರದವರೆಗೆ

ರಿಮೋಟ್ ಇಂಟರ್ನ್ ಕೆಲಸ ಮಾಡುವುದನ್ನು ಯಾರೂ ಕಣ್ಣಾರೆ ಕಾಣುವುದಿಲ್ಲ. ಬರೆದಿಟ್ಟದ್ದು ಮಾತ್ರ ಕಾಣುತ್ತದೆ. ಹೊಸ ಕಂಪನಿಗಳಿಗೆ ಜಾಗ, ಸಲಹೆ, ನೆರವು ಕೊಟ್ಟು ಬೆಳೆಸುವ ಇನ್‌ಕ್ಯುಬೇಟರ್‌ನಲ್ಲಂತೂ ಇದು ಇನ್ನೂ ನಿಜ. ಒಂದು ಸ್ಟಾರ್ಟ್‌ಅಪ್‌ಗೆ ಸೇರಿದರೆ ಒಂದು ಉತ್ಪನ್ನ, ಒಂದು ತಂಡ ಅಷ್ಟೆ. ಇನ್‌ಕ್ಯುಬೇಟರ್‌ಗೆ ಸೇರಿದರೆ ಹತ್ತಾರು ಕಂಪನಿಗಳು, ನೂರಾರು ಅರ್ಜಿಗಳು, ಮೆಂಟರ್‌ಗಳು, ಹೂಡಿಕೆದಾರರು, ಇವರೆಲ್ಲರ ನಡುವೆ ಓಡಾಡುವ ಮಾಹಿತಿ ನಿಮ್ಮ ಕೈಗೆ ಬರುತ್ತದೆ. ಆ ಮಾಹಿತಿ ಎಲ್ಲಿಂದ ಬಂತು, ಯಾವಾಗ ಬಂತು, ಅದರ ಮೇಲೆ ಯಾರು ಏನು ತೀರ್ಮಾನಿಸಿದರು ಎಂಬುದು ನಿಮ್ಮನ್ನು ಕೇಳದೆಯೇ ಇನ್ನೊಬ್ಬರಿಗೆ ತಿಳಿಯುವಂತಿದ್ದರೆ ಇಂಟರ್ನ್‌ಶಿಪ್ ಸಾರ್ಥಕ. ಕೆಳಗಿನ ಹಂತಗಳೆಲ್ಲ ಆ ಒಂದು ಗುರಿಯನ್ನು ಇಟ್ಟುಕೊಂಡೇ ಇವೆ.

ಹಂತ 1: ಎಂಥ ಸಂಸ್ಥೆ ಎಂದು ತಿಳಿದುಕೊಳ್ಳಿ

ಇನ್‌ಕ್ಯುಬೇಟರ್ ಮತ್ತು ಆಕ್ಸಿಲರೇಟರ್ ಎರಡನ್ನೂ ಜನ ಒಂದೇ ಅರ್ಥದಲ್ಲಿ ಬಳಸುತ್ತಾರೆ. ಕೆಲಸದ ಲಯ ಮಾತ್ರ ಬೇರೆ ಬೇರೆ. ಮೊದಲ ಇನ್‌ಕ್ಯುಬೇಟರ್ ಎಂದು ಸಾಮಾನ್ಯವಾಗಿ ಹೆಸರಿಸುವುದು 1959ರಲ್ಲಿ ನ್ಯೂಯಾರ್ಕ್ ರಾಜ್ಯದ ಬಟೇವಿಯಾದಲ್ಲಿ ಶುರುವಾದ ಕೇಂದ್ರವನ್ನು. ಮುಚ್ಚಿದ ದೊಡ್ಡ ಕಾರ್ಖಾನೆಯ ಕಟ್ಟಡವನ್ನು ಭಾಗ ಮಾಡಿ ಸಣ್ಣ ಉದ್ಯಮಗಳಿಗೆ ಬಾಡಿಗೆಗೆ ಕೊಟ್ಟು, ಜೊತೆಗೆ ಸಲಹೆ, ನೆರವು ಒದಗಿಸಿದ ಕೇಂದ್ರ ಅದು. ಇಂದಿಗೂ ಇನ್‌ಕ್ಯುಬೇಟರ್‌ಗಳಲ್ಲಿ ಕಂಪನಿಗಳು ಒಂದೆರಡು ವರ್ಷ, ಕೆಲವೊಮ್ಮೆ ಅದಕ್ಕೂ ಹೆಚ್ಚು ಕಾಲ ಉಳಿಯುತ್ತವೆ. ಹಲವು ಇನ್‌ಕ್ಯುಬೇಟರ್‌ಗಳನ್ನು ನಡೆಸುವುದು ವಿಶ್ವವಿದ್ಯಾಲಯಗಳು ಇಲ್ಲವೇ ಸರ್ಕಾರದ ಅನುದಾನ. 2005ರಲ್ಲಿ ಅಮೆರಿಕದ ವೈ ಕಾಂಬಿನೇಟರ್ ಸಂಸ್ಥೆ ಶುರುಮಾಡಿದ ಆಕ್ಸಿಲರೇಟರ್ ಮಾದರಿ ಬೇರೆ: ಹಲವು ಕಂಪನಿಗಳನ್ನು ಒಟ್ಟಿಗೆ ಒಂದು ಬ್ಯಾಚ್ ಆಗಿ ಆಯ್ಕೆ, ಸುಮಾರು ಮೂರು ತಿಂಗಳ ಕಾರ್ಯಕ್ರಮ, ಸಣ್ಣ ಹೂಡಿಕೆಗೆ ಬದಲಾಗಿ ಕಂಪನಿಯಲ್ಲಿ ಪಾಲು, ಕೊನೆಗೆ ಹೂಡಿಕೆದಾರರ ಮುಂದೆ ಕಂಪನಿಗಳು ತಮ್ಮ ಕೆಲಸ ತೋರಿಸುವ ಡೆಮೊ ಡೇ.

ಇಂಟರ್ನ್‌ಗೆ ಇದರಿಂದ ಆಗುವ ವ್ಯತ್ಯಾಸ ದೊಡ್ಡದು. ಬ್ಯಾಚ್ ಮಾದರಿಯಲ್ಲಿ ಅರ್ಜಿ ಆಯ್ಕೆಯ ವಾರಗಳು ಮತ್ತು ಡೆಮೊ ಡೇ ಹತ್ತಿರದ ವಾರಗಳು ಉಸಿರಾಡಲು ಬಿಡುವುದಿಲ್ಲ. ನಡುವಿನ ದಿನಗಳು ಸಡಿಲ. ಅನುದಾನದ ಮೇಲೆ ನಡೆಯುವ ಇನ್‌ಕ್ಯುಬೇಟರ್‌ನಲ್ಲಿ ತಿಂಗಳ ಅಂಕಿ ಸಂಗ್ರಹ, ಅನುದಾನದ ವರದಿ, ಮೆಂಟರ್‌ಗಳ ಸಮಯ ಹೊಂದಿಸುವುದು ಒಂದೇ ಹದದಲ್ಲಿ ನಡೆಯುತ್ತಿರುತ್ತವೆ. ಸಂಸ್ಥೆಯ ಜಾಲತಾಣದಲ್ಲಿ ಅರ್ಜಿಯ ಕೊನೆಯ ದಿನಾಂಕ ಮತ್ತು ಬ್ಯಾಚ್‌ನ ಅವಧಿ ನೋಡಿದರೆ, ನಿಮ್ಮ ಎಂಟು ಅಥವಾ ಹನ್ನೆರಡು ವಾರ ಯಾವ ಭಾಗಕ್ಕೆ ಬೀಳುತ್ತದೆ ಎಂದು ಮೊದಲೇ ಗೊತ್ತಾಗುತ್ತದೆ.

ಹಂತ 2: ಒಪ್ಪಿಗೆ ಹೇಳುವ ಮುನ್ನ ಲಿಖಿತವಾಗಿ ಕೇಳಿ

ಮಾತಿನಲ್ಲಿ ಕೇಳಿದ ಪ್ರಶ್ನೆಗೆ ಮಾತಿನಲ್ಲೇ ಉತ್ತರ ಬರುತ್ತದೆ, ತಿಂಗಳಾಗುವಷ್ಟರಲ್ಲಿ ಮರೆತೂ ಹೋಗುತ್ತದೆ. ಆದ್ದರಿಂದ ಇಮೇಲ್‌ನಲ್ಲಿ ಕೇಳಿ.

ನನ್ನ ಕೆಲಸ ಇನ್‌ಕ್ಯುಬೇಟರ್ ತಂಡಕ್ಕೋ, ಅದರೊಳಗಿನ ಒಂದು ಸ್ಟಾರ್ಟ್‌ಅಪ್‌ಗೋ? ಈ ಪ್ರಶ್ನೆಯನ್ನು ಬಿಡಲೇಬೇಡಿ. ಇದು ಅಸ್ಪಷ್ಟವಾಗಿದ್ದರೆ ಇನ್‌ಕ್ಯುಬೇಟರ್‌ನ ವ್ಯವಸ್ಥಾಪಕರು ಒಂದು ಕೆಲಸ, ಸ್ಟಾರ್ಟ್‌ಅಪ್‌ನ ಸ್ಥಾಪಕರು ಇನ್ನೊಂದು ಕೆಲಸ ಹೇಳಿ, ಎರಡೂ ಅರ್ಧಕ್ಕೆ ನಿಲ್ಲುತ್ತವೆ. ವಾರದ ಕೆಲಸವನ್ನು ನೋಡಿ ಅಭಿಪ್ರಾಯ ಹೇಳುವ ಒಬ್ಬ ವ್ಯಕ್ತಿ ಯಾರು ಎಂದೂ ಕೇಳಿ. ಹೆಸರು ಬರಬೇಕು, 'ತಂಡ' ಎಂಬ ಉತ್ತರ ಸಾಲದು. ವಾರಕ್ಕೆ ಎಷ್ಟು ಗಂಟೆ, ಅದರಲ್ಲಿ ಎಲ್ಲರೂ ಒಟ್ಟಿಗೆ ಆನ್‌ಲೈನ್ ಇರಬೇಕಾದ ಗಂಟೆ ಯಾವುವು, ಸ್ಟೈಪೆಂಡ್ ಇದೆಯೇ, ಯಾವ ದಿನಾಂಕಕ್ಕೆ ಬರುತ್ತದೆ, ಗೋಪ್ಯತಾ ಒಪ್ಪಂದಕ್ಕೆ ಸಹಿ ಹಾಕಬೇಕೇ, ಅವಧಿ ಮುಗಿದ ಮೇಲೆ ಯಾವ ಕೆಲಸವನ್ನು ಪೋರ್ಟ್‌ಫೋಲಿಯೊದಲ್ಲಿ ತೋರಿಸಬಹುದು ಎಂಬುದೂ ಪಟ್ಟಿಯಲ್ಲಿರಲಿ.

ಇಂಟರ್ನ್‌ಶಿಪ್ ಕೊಡಲು ನೋಂದಣಿ ಶುಲ್ಕ, ತರಬೇತಿ ಶುಲ್ಕ, ಲ್ಯಾಪ್‌ಟಾಪ್ ಠೇವಣಿ ಎಂದು ಹಣ ಕೇಳಿದರೆ ಅಲ್ಲಿಗೇ ಬಿಟ್ಟುಬಿಡಿ. ಆಫರ್ ಪತ್ರ ಸಂಸ್ಥೆಯ ಸ್ವಂತ ಡೊಮೇನ್‌ನ ಇಮೇಲ್‌ನಿಂದ ಬಂದಿದೆಯೇ ಎಂದು ನೋಡಿ. ಜಾಲತಾಣದಲ್ಲಿ ಹೆಸರಿಸಿದ ಸ್ಟಾರ್ಟ್‌ಅಪ್‌ಗಳ ಪೈಕಿ ಎರಡು ಮೂರರ ಪುಟಗಳಿಗೆ ಹೋಗಿ, ಅವರೂ ಈ ಇನ್‌ಕ್ಯುಬೇಟರ್‌ನ ಹೆಸರು ಹೇಳುತ್ತಾರೆಯೇ ಎಂದು ಪರಿಶೀಲಿಸಿ. ಹತ್ತು ನಿಮಿಷದ ಈ ಕೆಲಸ ತಿಂಗಳುಗಟ್ಟಲೆಯ ನಷ್ಟ ತಪ್ಪಿಸುತ್ತದೆ.

ಹಂತ 3: ಮೊದಲ ವಾರ

ಬ್ರೌಸರ್‌ನಲ್ಲಿ ಈ ಕೆಲಸಕ್ಕೆಂದೇ ಬೇರೆ ಪ್ರೊಫೈಲ್ ತೆರೆಯಿರಿ. ಸಂಸ್ಥೆಯ ಖಾತೆ, ಸ್ಲ್ಯಾಕ್ (ತಂಡದ ಸಂದೇಶ ಸಾಧನ), ನೋಷನ್ ಅಥವಾ ಏರ್‌ಟೇಬಲ್ (ದಾಖಲೆ, ಪಟ್ಟಿ ಇಡುವ ಸಾಧನಗಳು), ಕ್ಯಾಲೆಂಡರ್ ಎಲ್ಲ ಅದರಲ್ಲೇ ಇರಲಿ. ಒಂದೇ ಪ್ರೊಫೈಲ್‌ನಲ್ಲಿ ಎರಡು ಖಾತೆ ತೆರೆದಿಟ್ಟವರು ಸಂಸ್ಥೆಯ ದಾಖಲೆಯನ್ನು ಸ್ವಂತ ಡ್ರೈವ್‌ನಲ್ಲಿ ಸೃಷ್ಟಿಸಿಬಿಡುತ್ತಾರೆ, ಮತ್ತು ಅದು ಗೊತ್ತಾಗುವುದು ಕೊನೆಯ ವಾರದಲ್ಲಿ. ಸ್ವಂತ ಖಾತೆಯ ಕಡತದ ಒಡೆತನವನ್ನು ಸಂಸ್ಥೆಯ ಖಾತೆಗೆ ವರ್ಗಾಯಿಸಲು ಸಾಮಾನ್ಯವಾಗಿ ಆಗುವುದಿಲ್ಲ. ಪ್ರತಿ ಮಾಡಿ ಕೊಡಬೇಕಾಗುತ್ತದೆ. ಪ್ರತಿಯಲ್ಲಿ ಹಳೆಯ ಬದಲಾವಣೆಗಳ ಇತಿಹಾಸ ಇರುವುದಿಲ್ಲ. ಎರಡು ಹಂತದ ದೃಢೀಕರಣವನ್ನು ಮೊದಲ ದಿನವೇ ಹಾಕಿ, ಬ್ಯಾಕಪ್ ಕೋಡ್‌ಗಳನ್ನು ಫೋನ್‌ನ ಹೊರಗೆ ಎಲ್ಲಾದರೂ ಬರೆದಿಡಿ. ಫೋನ್ ಕೆಟ್ಟ ದಿನವೇ ಮೀಟಿಂಗ್ ಇದ್ದರೆ ಅವೇ ದಿಕ್ಕು.

ಬೇರೆ ದೇಶದ ತಂಡವಾದರೆ ಸಮಯದ ವಿಷಯದಲ್ಲಿ ಒಂದು ಬಲೆ ಇದೆ. ಅಮೆರಿಕದ ಬಹುಭಾಗ ಮಾರ್ಚ್‌ನ ಎರಡನೇ ಭಾನುವಾರ ಗಡಿಯಾರವನ್ನು ಒಂದು ಗಂಟೆ ಮುಂದಿಡುತ್ತದೆ, ನವೆಂಬರ್‌ನ ಮೊದಲ ಭಾನುವಾರ ಹಿಂದಕ್ಕೆ ತರುತ್ತದೆ. ಯುರೋಪಿನಲ್ಲಿ ಇದು ನಡೆಯುವುದು ಮಾರ್ಚ್ ಮತ್ತು ಅಕ್ಟೋಬರ್‌ನ ಕೊನೆಯ ಭಾನುವಾರ. ಭಾರತ, ಜಪಾನ್‌ನಂಥ ದೇಶಗಳಲ್ಲಿ ಈ ಪದ್ಧತಿಯೇ ಇಲ್ಲ. ಹೀಗಾಗಿ ಮಾರ್ಚ್‌ನಲ್ಲಿ ಎರಡು ಮೂರು ವಾರ, ಶರತ್ಕಾಲದಲ್ಲಿ ಒಂದು ವಾರ ಅಮೆರಿಕ ಮತ್ತು ಯುರೋಪಿನ ನಡುವಿನ ಸಮಯದ ಅಂತರವೇ ಬೇರೆಯಾಗಿರುತ್ತದೆ. ಮೀಟಿಂಗ್ ಸಮಯವನ್ನು ಮನಸ್ಸಿನಲ್ಲಿ ಲೆಕ್ಕ ಹಾಕಿ ಸಂದೇಶದಲ್ಲಿ ಬರೆಯಬೇಡಿ. ಕ್ಯಾಲೆಂಡರ್ ಆಹ್ವಾನ ಕಳಿಸಿ. ಎಲ್ಲರ ಸಮಯವನ್ನೂ ಅದೇ ಹೊಂದಿಸಿಕೊಳ್ಳುತ್ತದೆ. ಸಂದೇಶದಲ್ಲೇ ಬರೆಯಬೇಕಾಗಿ ಬಂದರೆ ಯುಟಿಸಿ (ಜಾಗತಿಕ ಪ್ರಮಾಣ) ಸಮಯವನ್ನೂ ಸೇರಿಸಿ.

ಆ ವಾರವೇ ಒಂದು ಪುಟದ 'ನನ್ನ ಕೆಲಸ' ದಾಖಲೆ ಬರೆದು ಮೇಲ್ವಿಚಾರಕರಿಗೆ ತೋರಿಸಿ: ಪೂರ್ಣವಾಗಿ ನನ್ನ ಹೊಣೆಯಾದ ಒಂದು ಕೆಲಸ, ನಾನು ಕೈಜೋಡಿಸುವ ಎರಡು ಕೆಲಸ, ಪ್ರತಿಯೊಂದೂ ಮುಗಿಯಿತು ಎಂದು ಯಾವಾಗ ಹೇಳಬಹುದು. ಸ್ವಂತದ್ದೆಂಬ ಒಂದು ಕೆಲಸ ಇಲ್ಲದ ಇಂಟರ್ನ್‌ಗೆ ದಿನವಿಡೀ ಚಿಲ್ಲರೆ ಕೆಲಸಗಳೇ ಬಂದು ಬೀಳುತ್ತವೆ, ಕೊನೆಗೆ ತೋರಿಸಲು ಏನೂ ಉಳಿಯುವುದಿಲ್ಲ.

ಹಂತ 4: ಅರ್ಜಿಗಳ ಪರಿಶೀಲನೆ

ಇನ್‌ಕ್ಯುಬೇಟರ್ ಇಂಟರ್ನ್‌ಗಳಿಗೆ ಅತಿ ಹೆಚ್ಚು ಸಿಗುವ ಕೆಲಸ ಇದು. ಬೇರೊಬ್ಬರ ವರ್ಷಗಳ ಶ್ರಮದ ಮೇಲೆ ತೀರ್ಪು ಕೊಡುವ ಕೆಲಸವಾದ್ದರಿಂದ ಅತಿ ಹೆಚ್ಚು ಜಾಗ್ರತೆ ಬೇಡುವುದೂ ಇದೇ.

ಮೊದಲು ಸಮಯದ ಲೆಕ್ಕ. 200 ಅರ್ಜಿ, ಒಂದಕ್ಕೆ 12 ನಿಮಿಷ ಎಂದರೆ 40 ಗಂಟೆ. ವಾರಕ್ಕೆ 20 ಗಂಟೆಯ ಇಂಟರ್ನ್‌ಗೆ ಪೂರಾ ಎರಡು ವಾರ. ಆದ್ದರಿಂದ ಎರಡು ಸುತ್ತು ಮಾಡಿ. ಮೊದಲ ಸುತ್ತಿನಲ್ಲಿ ಅರ್ಹತೆ ಮಾತ್ರ: ಕ್ಷೇತ್ರ ಹೊಂದುತ್ತದೆಯೇ, ಹಂತ ಹೊಂದುತ್ತದೆಯೇ, ಅರ್ಜಿ ಪೂರ್ಣವಿದೆಯೇ. ಇದಕ್ಕೆ ಒಂದಕ್ಕೆ 2 ನಿಮಿಷ ಸಾಕು. ಇದರಲ್ಲಿ 60 ಬಿದ್ದುಹೋದರೆ ಉಳಿದ 140ಕ್ಕೆ 28 ಗಂಟೆ, ಮೊದಲ ಸುತ್ತಿನ ಸುಮಾರು ಏಳು ಗಂಟೆ ಸೇರಿ 35. ಉಳಿದ ಐದು ಗಂಟೆಯನ್ನು ಮರುಪರಿಶೀಲನೆಗೆ ಇಟ್ಟುಕೊಳ್ಳಿ, ಅದು ಬೇಕಾಗುತ್ತದೆ.

ಎರಡನೇ ಸುತ್ತಿನಲ್ಲಿ ಐದು ಮಾನದಂಡ ಸಾಕು: ಸಮಸ್ಯೆ ನಿಜವೇ, ತಂಡಕ್ಕೆ ಅದನ್ನು ಬಿಡಿಸುವ ಸಾಮರ್ಥ್ಯ ಇದೆಯೇ, ಮಾರುಕಟ್ಟೆ, ಇದುವರೆಗಿನ ಪ್ರಗತಿ, ಈ ಇನ್‌ಕ್ಯುಬೇಟರ್‌ನಿಂದ ಅವರಿಗೆ ಉಪಯೋಗವಾದೀತೇ. ಪ್ರತಿಯೊಂದಕ್ಕೂ 1ರಿಂದ 5ರ ಅಂಕ. ಅಂಕ ಅಂದರೆ ಏನು ಎಂದು ಬರೆದಿಡಬೇಕು. ಪ್ರಗತಿಗೆ ಹೀಗೆ ಬರೆಯಬಹುದು: 1 ಎಂದರೆ ಕಲ್ಪನೆ ಮಾತ್ರ, 3 ಎಂದರೆ ಬಳಸುತ್ತಿರುವವರಿದ್ದಾರೆ, ಹಣ ಕೊಟ್ಟವರಿಲ್ಲ, 5 ಎಂದರೆ ಹಣ ಕೊಟ್ಟವರು ಮತ್ತೆ ಬಂದು ಕೊಂಡಿದ್ದಾರೆ. ಈ ವಿವರಣೆ ಇಲ್ಲದಿದ್ದರೆ ಒಬ್ಬರ 3 ಇನ್ನೊಬ್ಬರ 4 ಆಗಿರುತ್ತದೆ, ಇಬ್ಬರಿಗೂ ಅದು ಗೊತ್ತಾಗುವುದಿಲ್ಲ.

ಅಂಕದ ಪಕ್ಕದ ಕಾಲಂನಲ್ಲಿ ಒಂದು ವಾಕ್ಯದ ಆಧಾರ ಬರೆಯಿರಿ. 'ಒಳ್ಳೆಯ ತಂಡ' ಎಂಬುದು ಆಧಾರವಲ್ಲ. 'ಇಬ್ಬರು ಸ್ಥಾಪಕರಲ್ಲಿ ಒಬ್ಬರು ಇದೇ ಕ್ಷೇತ್ರದಲ್ಲಿ ಆರು ವರ್ಷ ದುಡಿದಿದ್ದಾರೆ. ಅರ್ಜಿಯಲ್ಲಿ ಹೇಳಿದ್ದು, ವೃತ್ತಿಪರ ಪ್ರೊಫೈಲ್‌ನಲ್ಲೂ ಕಂಡಿದೆ' ಎಂಬುದು ಆಧಾರ. ಅರ್ಜಿಯಲ್ಲಿ ಹೇಳಿಕೊಂಡದ್ದು ಯಾವುದು, ನೀವು ಪರಿಶೀಲಿಸಿದ್ದು ಯಾವುದು ಎಂಬ ಗೆರೆ ಎಲ್ಲ ಕಡೆಯೂ ಇರಲಿ.

ಇಲ್ಲಿ ಕೆಡುವುದು ಮುಖ್ಯವಾಗಿ ಮೂರು ಕಡೆ. ಒಂದು, ಅಳತೆ ಜಾರುವುದು: ಮೊದಲ ಅರ್ಜಿಗಳಿಗೆ ಬಿಗಿಯಾಗಿ ಅಂಕ ಕೊಟ್ಟವರು ದಣಿದ ಮೇಲೆ ಸಡಿಲವಾಗುತ್ತಾರೆ, ಅಥವಾ ಇದರ ತಿರುಗುಮುರುಗು. ಎಲ್ಲ ಮುಗಿದ ಮೇಲೆ ಮೊದಲ ಹತ್ತನ್ನು ಹಳೆಯ ಅಂಕ ಮುಚ್ಚಿಟ್ಟು ಮತ್ತೆ ನೋಡಿ. ಎರಡು, ಚೆಂದದ ಇಂಗ್ಲಿಷ್ ಮತ್ತು ಚೆಂದದ ಸ್ಲೈಡ್‌ಗೆ ಮರುಳಾಗುವುದು. ಇದನ್ನು ತಡೆಯಲು ಒಂದು ಅರ್ಜಿಯನ್ನು ಪೂರ್ತಿ ಓದಿ ಐದೂ ಅಂಕ ಕೊಡುವ ಬದಲು, ಹತ್ತು ಅರ್ಜಿಗಳ 'ಸಮಸ್ಯೆ' ಭಾಗವನ್ನು ಮಾತ್ರ ಓದಿ ಅಂಕ ಕೊಟ್ಟು, ಆಮೇಲೆ ಅದೇ ಹತ್ತರ 'ತಂಡ' ಭಾಗಕ್ಕೆ ಹೋಗಿ. ಮೂರು, ಸರಾಸರಿಯ ಮೋಸ. ಇಬ್ಬರು ಪರಿಶೀಲಕರು 5 ಮತ್ತು 1 ಕೊಟ್ಟರೂ ಸರಾಸರಿ 3, ಇಬ್ಬರೂ 3 ಕೊಟ್ಟರೂ 3. ಮೊದಲನೆಯದು ಚರ್ಚೆಗೆ ಬರಲೇಬೇಕಾದ ಅರ್ಜಿ; ಸರಾಸರಿ ನೋಡಿ ವಿಂಗಡಿಸಿದರೆ ಪಟ್ಟಿಯ ನಡುವೆ ಕಳೆದುಹೋಗುತ್ತದೆ. ಇಬ್ಬರ ನಡುವಿನ ಅಂತರಕ್ಕೆ ಒಂದು ಕಾಲಂ ಸೇರಿಸಿ, ಅದು 2 ಅಥವಾ ಹೆಚ್ಚಿದ್ದರೆ ಬಣ್ಣ ಬರುವಂತೆ ಮಾಡಿ.

ನಿರಾಕರಣೆಯ ಪತ್ರದ ಕರಡು ಬರೆಯುವ ಕೆಲಸವೂ ಇಂಟರ್ನ್‌ಗೇ ಬರುತ್ತದೆ. ಮೂರು ನಾಲ್ಕು ಸಾಲಿನಲ್ಲಿ, ಮೇಲ್ವಿಚಾರಕರು ಒಪ್ಪಿದ ಒಂದು ನಿರ್ದಿಷ್ಟ ಕಾರಣವನ್ನು ಸೇರಿಸಿ ಬರೆಯಿರಿ. ಅರ್ಜಿದಾರರಿಗೆ ಅದೊಂದೇ ಸಾಲು ಮುಂದಿನ ಸಲಕ್ಕೆ ಕೆಲಸಕ್ಕೆ ಬರುತ್ತದೆ.

ಹಂತ 5: ಸ್ಟಾರ್ಟ್‌ಅಪ್‌ಗಳ ತಿಂಗಳ ಅಂಕಿಗಳು

ಪ್ರತಿ ತಿಂಗಳು ಎಲ್ಲ ಕಂಪನಿಗಳಿಂದ ಅಂಕಿ ತರಿಸುವ ಫಾರ್ಮ್ ನಿಮ್ಮ ಪಾಲಿಗೆ ಬಂದರೆ, ಪ್ರಶ್ನೆಯ ಪಕ್ಕದಲ್ಲೇ ವ್ಯಾಖ್ಯೆ ಬರೆಯಿರಿ. ತಪ್ಪು ಅಂಕಿ ಬರುವುದು ಬಹುಮಟ್ಟಿಗೆ ಪ್ರಶ್ನೆ ಸಡಿಲವಾಗಿರುವುದರಿಂದ. 'ಬಳಕೆದಾರರು ಎಷ್ಟು' ಎಂದು ಕೇಳಿದರೆ ಒಬ್ಬರು ನೋಂದಾಯಿಸಿದವರನ್ನು, ಇನ್ನೊಬ್ಬರು ಕಳೆದ 30 ದಿನಗಳಲ್ಲಿ ಬಳಸಿದವರನ್ನು ಎಣಿಸುತ್ತಾರೆ. 'ಆದಾಯ' ಎಂದರೆ ಮಾರುವವರನ್ನೂ ಕೊಳ್ಳುವವರನ್ನೂ ಸೇರಿಸುವ ಮಾರುಕಟ್ಟೆ ವೇದಿಕೆ ನಡೆಸುವವರು ಗ್ರಾಹಕರು ತೆತ್ತ ಪೂರ್ತಿ ಮೊತ್ತ ಬರೆಯುತ್ತಾರೆ. ಅವರಿಗೆ ಉಳಿಯುವುದು ಅದರಲ್ಲಿನ ಕಮಿಷನ್ ಅಷ್ಟೆ. ತಿಂಗಳ ನಿಯತ ಆದಾಯ ಕೇಳುವಾಗ ವರ್ಷದ ಚಂದಾವನ್ನು 12ರಿಂದ ಭಾಗಿಸಬೇಕು, ಒಮ್ಮೆ ಮಾತ್ರ ಬರುವ ಅಳವಡಿಕೆ ಶುಲ್ಕ ಸೇರಿಸಬಾರದು ಎಂದು ಹೇಳಿ.

ರನ್‌ವೇ, ಅಂದರೆ ಕೈಯಲ್ಲಿರುವ ಹಣ ಎಷ್ಟು ತಿಂಗಳು ಬರುತ್ತದೆ ಎಂಬುದನ್ನು ಕಂಪನಿಯನ್ನು ಕೇಳಬೇಡಿ, ನೀವೇ ಲೆಕ್ಕ ಹಾಕಿ. ಬ್ಯಾಂಕಿನಲ್ಲಿ 36 ಲಕ್ಷ, ತಿಂಗಳ ಖರ್ಚು 5 ಲಕ್ಷ, ತಿಂಗಳ ಆದಾಯ 2 ಲಕ್ಷ ಎಂದುಕೊಳ್ಳಿ. ನಿವ್ವಳ ಖರ್ಚು 3 ಲಕ್ಷ, ರನ್‌ವೇ 12 ತಿಂಗಳು. ಆದಾಯ ಕಳೆಯದೆ ಲೆಕ್ಕ ಹಾಕಿದರೆ 7.2 ತಿಂಗಳು ಬರುತ್ತದೆ. ಎರಡನ್ನೂ ವರದಿಯಲ್ಲಿ ಕೊಡುವುದು ಒಳ್ಳೆಯದು, ಏಕೆಂದರೆ ಆದಾಯವೆಲ್ಲ ಒಂದೇ ಗ್ರಾಹಕರಿಂದ ಬರುತ್ತಿದ್ದರೆ ಎರಡನೆಯ ಅಂಕಿಯೇ ಹೆಚ್ಚು ನಿಜ. ರನ್‌ವೇ ಆರು ತಿಂಗಳಿಗಿಂತ ಕಡಿಮೆ ಇರುವ ಕಂಪನಿಯನ್ನು ವರದಿಯ ಮೇಲ್ಭಾಗದಲ್ಲೇ ತೋರಿಸಿ. ಹೂಡಿಕೆ ಸಂಗ್ರಹಕ್ಕೆ ತಿಂಗಳುಗಳೇ ಹಿಡಿಯುತ್ತವೆ.

ಸ್ಪ್ರೆಡ್‌ಶೀಟ್‌ನಲ್ಲಿ ದಿನಾಂಕವನ್ನು 2025-04-03 ಎಂಬ ಕ್ರಮದಲ್ಲೇ ಬರೆಯಿರಿ. 03/04 ಎಂದರೆ ಕೆಲವರಿಗೆ ಏಪ್ರಿಲ್ 3, ಅಮೆರಿಕದವರಿಗೆ ಮಾರ್ಚ್ 4. ಫೋನ್ ಸಂಖ್ಯೆಯ ಕಾಲಂ ಅನ್ನು ಪಠ್ಯ ಎಂದು ಗುರುತಿಸಿ, ಇಲ್ಲದಿದ್ದರೆ ಮೊದಲಲ್ಲಿರುವ ಸೊನ್ನೆ ಮಾಯವಾಗುತ್ತದೆ. ದೊಡ್ಡ ಬದಲಾವಣೆಗೆ ಮುನ್ನ ಆವೃತ್ತಿ ಇತಿಹಾಸದಲ್ಲಿ ಒಂದು ಹೆಸರು ಕೊಟ್ಟು ಉಳಿಸಿ.

ಹಂತ 6: ಮಾರುಕಟ್ಟೆಯ ಗಾತ್ರದ ಟಿಪ್ಪಣಿ

ದೊಡ್ಡ ಉದ್ಯಮ ವರದಿಯೊಂದರ ಮೊತ್ತ ಎತ್ತಿಕೊಂಡು 'ಇದರ 1 ಶೇಕಡಾ ಸಿಕ್ಕರೆ ಸಾಕು' ಎಂದು ಬರೆಯುವುದು ಎಲ್ಲರೂ ಹಿಡಿಯುವ ದಾರಿ. ಅದರಿಂದ ಯಾರಿಗೂ ಏನೂ ತಿಳಿಯುವುದಿಲ್ಲ. ಕೆಳಗಿನಿಂದ ಕಟ್ಟಿ: ಗ್ರಾಹಕರ ಸಂಖ್ಯೆ, ಅವರಲ್ಲಿ ಈ ಸಮಸ್ಯೆ ಇರುವವರ ಪಾಲು, ಅವರು ವರ್ಷಕ್ಕೆ ಕೊಡುವ ಹಣ. ಉದಾಹರಣೆಗೆ ದಂತ ಚಿಕಿತ್ಸಾಲಯಗಳ ಅಪಾಯಿಂಟ್‌ಮೆಂಟ್ ತಂತ್ರಾಂಶ. ಗುರಿಯ ಪ್ರದೇಶದಲ್ಲಿ 12,000 ಚಿಕಿತ್ಸಾಲಯ, ಅದರಲ್ಲಿ ಕಂಪ್ಯೂಟರ್ ಬಳಸುವವರು ಶೇ. 40 ಎಂದರೆ 4,800. ತಿಂಗಳ ಶುಲ್ಕ 50 ಎಂದಿಟ್ಟುಕೊಂಡರೆ ವರ್ಷಕ್ಕೆ 28.8 ಲಕ್ಷ. ಇದರಲ್ಲಿ ಯಾವ ಅಂಕಿ ಎಣಿಸಿದ್ದು, ಯಾವುದು ಊಹೆ ಎಂದು ಎರಡು ಬಣ್ಣದಲ್ಲಿ ಗುರುತಿಸಿ. ಊಹೆಯ ಶೇ. 40 ಅನ್ನು 20ಕ್ಕೆ ಇಳಿಸಿದರೆ ಮೊತ್ತ ಅರ್ಧವಾಗುತ್ತದೆ. ಹಾಗಾಗಿ ಸ್ಥಾಪಕರು ಮೊದಲು ಹೋಗಿ ಪರೀಕ್ಷಿಸಬೇಕಾದದ್ದು ಆ ಅಂಕಿಯನ್ನೇ, ಟಿಪ್ಪಣಿಯ ಕೊನೆಯಲ್ಲಿ ಅದನ್ನು ಹೇಳಿ.

ಹಂತ 7: ವಾರದ ಟಿಪ್ಪಣಿ ಮತ್ತು ಸಹಾಯ ಕೇಳುವ ರೀತಿ

ವಾರದ ಕೊನೆಯ ದಿನ ಒಂದೇ ಸಮಯಕ್ಕೆ, ಒಂದೇ ಜಾಗದಲ್ಲಿ ಟಿಪ್ಪಣಿ ಹಾಕಿ: ಮುಗಿದದ್ದು (ಲಿಂಕ್ ಸಮೇತ), ನಿಂತದ್ದು (ಯಾರ ಉತ್ತರಕ್ಕಾಗಿ), ಮುಂದಿನ ವಾರದ್ದು. ಹತ್ತು ಸಾಲು ಮೀರಬಾರದು.

ಸಹಾಯ ಕೇಳುವಾಗ 'ಸ್ವಲ್ಪ ಮಾತಾಡಬಹುದೇ?' ಎಂದಷ್ಟೇ ಬರೆದು ಕಾಯಬೇಡಿ. ಅವರು ಏಳು ಗಂಟೆ ಬಿಟ್ಟು ನೋಡಿ 'ಹೇಳಿ' ಎನ್ನುತ್ತಾರೆ, ಆಗ ನೀವು ಮಲಗಿರುತ್ತೀರಿ, ಒಂದು ದಿನ ಹೋಯಿತು. ಹೀಗೆ ಬರೆಯಿರಿ:

'ಮೆಂಟರ್‌ಗಳ ಪಟ್ಟಿಯಲ್ಲಿ 14 ಜನರ ಇಮೇಲ್ ಕೆಲಸ ಮಾಡುತ್ತಿಲ್ಲ. ಹಳೆಯ ಆಹ್ವಾನಗಳಲ್ಲಿ ಹುಡುಕಿದೆ, 5 ಸಿಕ್ಕವು. ಉಳಿದ 9 ಜನರನ್ನು ಪಟ್ಟಿಯಿಂದ ಬೇರೆ ಹಾಳೆಗೆ ಸರಿಸಲೇ, ಇಲ್ಲ ಸ್ಥಾಪಕರ ಮೂಲಕ ವಿಚಾರಿಸಲೇ? ಸರಿಸುವುದೇ ಒಳ್ಳೆಯದು ಅನಿಸುತ್ತದೆ. ನಾಳೆ ಸಂಜೆಯೊಳಗೆ ಬೇರೆ ಸೂಚನೆ ಬಾರದಿದ್ದರೆ ಹಾಗೇ ಮಾಡುತ್ತೇನೆ.'

ಕೊನೆಯ ವಾಕ್ಯದ ಬಲ ದೊಡ್ಡದು, ಆದರೆ ಹಿಂದಕ್ಕೆ ತರಬಹುದಾದ ಕೆಲಸಕ್ಕೆ ಮಾತ್ರ ಅದನ್ನು ಬಳಸಿ. ಹೂಡಿಕೆದಾರರಿಗೆ ಇಮೇಲ್ ಕಳಿಸುವುದು, ದಾಖಲೆ ಅಳಿಸುವುದು, ಯಾವುದನ್ನಾದರೂ ಪ್ರಕಟಿಸುವುದು ಇದ್ದರೆ ಸ್ಪಷ್ಟ ಒಪ್ಪಿಗೆ ಬರುವವರೆಗೆ ಕಾಯಿರಿ.

ಮೀಟಿಂಗ್ ಟಿಪ್ಪಣಿಯಲ್ಲಿ ಯಾರು ಏನು ಹೇಳಿದರು ಎಂಬುದಕ್ಕಿಂತ ಏನು ತೀರ್ಮಾನವಾಯಿತು, ಯಾರ ಹೊಣೆ, ಯಾವ ದಿನಾಂಕ ಎಂಬುದು ಮುಖ್ಯ. ರೆಕಾರ್ಡ್ ಮಾಡುವುದಾದರೆ ಮೊದಲೇ ಎಲ್ಲರನ್ನೂ ಕೇಳಿ. ಮಾತನ್ನು ತಂತಾನೇ ಬರಹಕ್ಕಿಳಿಸಿದ ಪ್ರತಿಯನ್ನು ನಂಬಿ ಅಂಕಿ ಎತ್ತಬೇಡಿ. ಇಂಗ್ಲಿಷ್ ಮಾತಿನ 15 ಅದರಲ್ಲಿ ಸುಲಭವಾಗಿ 50 ಆಗುತ್ತದೆ, ಹೆಸರುಗಳಂತೂ ಗುರುತೇ ಸಿಗದಂತಾಗುತ್ತವೆ.

ಹಂತ 8: ಗೋಪ್ಯತೆ

ಒಂದೇ ಬ್ಯಾಚ್‌ನಲ್ಲಿ ಪರಸ್ಪರ ಪೈಪೋಟಿಯ ಎರಡು ಕಂಪನಿಗಳು ಇರಬಹುದು. ಇಬ್ಬರ ಬೆಲೆ, ಗ್ರಾಹಕರ ಪಟ್ಟಿ, ಪಾಲುದಾರಿಕೆಯ ವಿವರ ನಿಮಗೆ ಗೊತ್ತಿರುತ್ತದೆ. ಒಬ್ಬ ಸ್ಥಾಪಕರು ಆತ್ಮೀಯವಾಗಿ 'ಉಳಿದವರು ಹೇಗೆ ಮಾಡುತ್ತಿದ್ದಾರೆ?' ಎಂದು ಕೇಳಿದಾಗ ಬಾಯಿ ಜಾರುವುದು ಸುಲಭ. 'ಆ ವಿಷಯ ವ್ಯವಸ್ಥಾಪಕರನ್ನೇ ಕೇಳಿದರೆ ಒಳ್ಳೆಯದು' ಎಂಬ ಉತ್ತರವನ್ನು ಸಿದ್ಧವಾಗಿಟ್ಟುಕೊಳ್ಳಿ.

ಸೋರಿಕೆ ಹೆಚ್ಚಾಗಿ ನಡೆಯುವುದು ಸಣ್ಣ ಅಜಾಗರೂಕತೆಯಿಂದ. 'ಲಿಂಕ್ ಇರುವ ಯಾರಾದರೂ ನೋಡಬಹುದು' ಎಂಬ ಆಯ್ಕೆಯಲ್ಲಿ ಉಳಿದ ಫೋಲ್ಡರ್. ಬಿಸಿಸಿ ಬದಲು ಎಲ್ಲರಿಗೂ ಕಾಣುವಂತೆ ಹಾಕಿದ ಹೂಡಿಕೆದಾರರ ವಿಳಾಸಗಳು. ಮೊದಲ ಎರಡು ಅಕ್ಷರಕ್ಕೇ ಇಮೇಲ್ ತುಂಬಿಕೊಟ್ಟ ತಪ್ಪು ಹೆಸರು. ಪೂರ್ತಿ ಸ್ಕ್ರೀನ್ ಹಂಚಿಕೊಂಡಾಗ ಮೂಲೆಯಲ್ಲಿ ಇಣುಕುವ ಸಂದೇಶ. ಆದ್ದರಿಂದ ಒಂದು ಟ್ಯಾಬ್ ಮಾತ್ರ ಹಂಚಿ. ಎಐ ಸಾಧನಗಳಿಗೆ ಸ್ಟಾರ್ಟ್‌ಅಪ್‌ಗಳ ದಾಖಲೆ ಹಾಕುವ ಮುನ್ನ ಯಾವ ಸಾಧನಕ್ಕೆ ಅನುಮತಿ ಇದೆ ಎಂದು ಕೇಳಿ. ಅನುಮತಿ ಇದ್ದರೂ ಸಾರಾಂಶದ ಪ್ರತಿ ಅಂಕಿಯನ್ನು ಮೂಲದೊಂದಿಗೆ ಹೋಲಿಸಿ.

ತಪ್ಪು ಇಮೇಲ್ ಹೋಗಿಬಿಟ್ಟರೆ ಮುಚ್ಚಿಡಬೇಡಿ. ಲಿಂಕ್‌ನ ಅನುಮತಿಯನ್ನು ತಕ್ಷಣ ತೆಗೆದು, ಏನು ಹೋಯಿತು, ಯಾರಿಗೆ, ಎಷ್ಟು ಹೊತ್ತಿಗೆ ಎಂದು ಮೇಲ್ವಿಚಾರಕರಿಗೆ ಆ ಕ್ಷಣವೇ ತಿಳಿಸಿ. ಮೊದಲ ಅರ್ಧ ಗಂಟೆಯಲ್ಲಿ ಸರಿಪಡಿಸಬಹುದಾದದ್ದು ಎರಡು ದಿನದ ನಂತರ ಆಗುವುದಿಲ್ಲ.

ಹಂತ 9: ಹಸ್ತಾಂತರ

ಕೊನೆಯ ಎರಡು ವಾರದಲ್ಲಿ ಹೊಸ ಕೆಲಸ ಒಪ್ಪಿಕೊಳ್ಳಬೇಡಿ. ಒಂದು ಹಸ್ತಾಂತರ ದಾಖಲೆ ಬರೆಯಿರಿ: ಪ್ರತಿ ಕೆಲಸದ ಈಗಿನ ಸ್ಥಿತಿ, ಕಡತ ಎಲ್ಲಿದೆ, ಯಾರನ್ನು ಸಂಪರ್ಕಿಸಬೇಕು, ಯಾವ ದಿನಾಂಕಕ್ಕೆ ಏನು ಬರಲಿದೆ. ನಿಮ್ಮ ಖಾತೆ ಮುಚ್ಚಿದಾಗ ಅದರ ಜೊತೆಗೇ ನಿಂತುಹೋಗುವ ಸಂಗತಿಗಳಿವೆ: ನೀವು ಸೃಷ್ಟಿಸಿದ ಫಾರ್ಮ್‌ಗಳು, ಪ್ರತಿ ವಾರದ ಮೀಟಿಂಗ್ ಆಹ್ವಾನಗಳು, ಸ್ವಯಂಚಾಲಿತ ಇಮೇಲ್‌ಗಳು. ಇವುಗಳ ಒಡೆತನವನ್ನು ಒಂದೊಂದಾಗಿ ವರ್ಗಾಯಿಸಿ, ಮುಂದಿನವರ ಕೈಯಿಂದ ಒಮ್ಮೆ ನಡೆಸಿ ನೋಡಿ.

ಶಿಫಾರಸು ಪತ್ರವನ್ನು ಕೊನೆಯ ದಿನಕ್ಕಿಂತ ಹತ್ತು ದಿನ ಮೊದಲೇ ಕೇಳಿ. ಮಾಡಿದ ಕೆಲಸದ ನಾಲ್ಕೈದು ಅಂಶಗಳನ್ನು ಲಿಂಕ್ ಸಮೇತ ಕೊಟ್ಟರೆ ಬರೆಯುವವರಿಗೆ ಸುಲಭ, ಪತ್ರವೂ ಗಟ್ಟಿಯಾಗಿರುತ್ತದೆ. ರೆಸ್ಯೂಮೆಯಲ್ಲಿ 'ಅರ್ಜಿ ಪ್ರಕ್ರಿಯೆಗೆ ನೆರವಾದೆ' ಎನ್ನುವುದಕ್ಕಿಂತ 'ಐದು ಮಾನದಂಡಗಳ ಅಂಕಪಟ್ಟಿ ರೂಪಿಸಿ 140 ಅರ್ಜಿಗಳನ್ನು ಪರಿಶೀಲಿಸಿದೆ. ಮುಂದಿನ ಬ್ಯಾಚ್‌ಗೂ ಅದನ್ನೇ ಬಳಸುತ್ತಿದ್ದಾರೆ' ಎಂಬುದು ಮಾತಾಡುತ್ತದೆ, ಅದು ನಿಜವಾಗಿದ್ದರೆ. ಪೋರ್ಟ್‌ಫೋಲಿಯೊದಲ್ಲಿ ಆ ಅಂಕಪಟ್ಟಿಯ ಖಾಲಿ ಮಾದರಿಯನ್ನು ಕಲ್ಪಿತ ಕಂಪನಿಗಳ ಹೆಸರು ತುಂಬಿ ತೋರಿಸಿ, ಅದಕ್ಕೂ ಇಮೇಲ್‌ನಲ್ಲಿ ಒಪ್ಪಿಗೆ ಪಡೆದಿರಿ.

ಕೊನೆಯ ದಿನ ಡೌನ್‌ಲೋಡ್ಸ್ ಫೋಲ್ಡರ್ ತೆರೆದು ಸಂಸ್ಥೆಯ ಎಲ್ಲ ಕಡತ ಅಳಿಸಿ, ಕಸದ ಬುಟ್ಟಿಯನ್ನೂ ಖಾಲಿ ಮಾಡಿ. ಫೋನ್‌ನಲ್ಲಿರುವ ಸ್ಲ್ಯಾಕ್ ಮತ್ತು ಇಮೇಲ್‌ನಿಂದ ಹೊರಬನ್ನಿ, ಆ ಕೆಲಸಕ್ಕೆಂದು ತೆರೆದ ಬ್ರೌಸರ್ ಪ್ರೊಫೈಲ್ ಅನ್ನು ತೆಗೆದುಹಾಕಿ, ಇಷ್ಟೂ ಮುಗಿಯಿತೆಂದು ಮೇಲ್ವಿಚಾರಕರಿಗೆ ಒಂದು ಸಾಲಿನ ಇಮೇಲ್ ಕಳಿಸಿ.